ಏರಿನಲ್ಲಿ ಜೊತೆಗೆ ಬಂದವರು

ಗ್ಯಾರೇಜಿಗೆ ಕಾರು ತಂದು ನಿಲ್ಲಿಸಿದವರನ್ನೆಲ್ಲ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಎಲ್ಲಿಗೆ ಹೋಗ್ತಿದ್ರಿ?" ಕಾರಿಗೆ ಏನಾಗಿದೆ ಅಂತಲ್ಲ. ಎಲ್ಲಿಗೆ ಹೋಗ್ತಿದ್ರಿ, ಒಳಗೆ ಯಾರ್ಯಾರಿದ್ರು, ಡಿಕ್ಕಿಯಲ್ಲಿ ಎಂತ ಇತ್ತು, ಏರಲ್ಲೋ ಇಳಿಜಾರಲ್ಲೋ, ಮನೆ ಬಿಟ್ಟು ಎಷ್ಟು ಹೊತ್ತಾಗಿತ್ತು. ಇಷ್ಟಕ್ಕೂ ಉತ್ತರ ಸಿಗುವವರೆಗೆ ಬಾನೆಟ್ಟಿಗೆ ಕೈ ಹಾಕುತ್ತಿರಲಿಲ್ಲ. ಅವಸರದಲ್ಲಿದ್ದವರಿಗೆ ಇದರಿಂದ ರೇಗುತ್ತಿತ್ತು. ಮೊದಲ ದಿನ ನನಗೂ ರೇಗಿತ್ತು.

ಅವರು ಹೋಗಿ ಎರಡು ತಿಂಗಳಾಯಿತು. ಮೂಡಿಗೆರೆ ಕಡೆಯಿಂದ ಬಂದರೆ ಆಲ್ದೂರಿಗೆ ಸ್ವಲ್ಪ ಮೊದಲು, ಎಡಗಡೆಗೆ ಅವರ ಗ್ಯಾರೇಜು. ಗ್ಯಾರೇಜು ಅಂದರೆ ನಾಲ್ಕು ಕಬ್ಬಿಣದ ಕಂಬದ ಮೇಲೆ ತಗಡು, ಹಿಂದೆ ಅವರ ಮನೆ, ಮುಂದೆ ಎತ್ತರಕ್ಕೆ ಬೆಳೆದ ಒಂದು ಸಿಲ್ವರ್ ಓಕ್ ಮರ. ಬೋರ್ಡು ಇರಲಿಲ್ಲ. "ಆ ಸಿಲ್ವರ್ ಮರದ ಹತ್ರ ಡೀಸೆಲ್ ಗಾಡಿ ನೋಡೋರು" ಅಂದರೆ ಸುತ್ತಲಿನ ಎಸ್ಟೇಟಿನ ಡ್ರೈವರುಗಳಿಗೆಲ್ಲ ಗೊತ್ತಾಗುತ್ತಿತ್ತು. ಅವರು ಕುಳ್ಳಗೆ, ತುಂಬಿದ ಮೈ. ಕನ್ನಡಕದ ಒಂದು ಕಾಲು ಮುರಿದು ಆ ಜಾಗದಲ್ಲಿ ದಾರ. ಅರವತ್ತಕ್ಕೆ ಒಂದೆರಡು ವರ್ಷ ಕಡಿಮೆ ಇದ್ದಿರಬೇಕು.

ನಮಗೂ ಅವರಿಗೂ ಪರಿಚಯವಾಗಿದ್ದು ಕಾಯಿಲೆಯಿಂದ. ಕಾರಿನ ಕಾಯಿಲೆ ಒಂದು, ನಮ್ಮ ಮನೆಯವರ ಕಾಯಿಲೆ ಇನ್ನೊಂದು. ನಮ್ಮ ಊರು ಮೂಡಿಗೆರೆಯಾಚೆಯ ಜಾವಳಿ. ಮನೆಯವರು ದೇವಸ್ಥಾನದ ಪೂಜೆ ಮಾಡಿಕೊಂಡು, ಇದ್ದ ಸ್ವಲ್ಪ ಕಾಫಿ ತೋಟ ನೋಡಿಕೊಂಡಿದ್ದವರು. ಐದು ವರ್ಷದ ಹಿಂದೆ ಅವರ ಎರಡೂ ಕಿಡ್ನಿ ಕೈಕೊಟ್ಟವು. ಅವತ್ತಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಚಿಕ್ಕಮಗಳೂರಿಗೆ ಡಯಾಲಿಸಿಸ್. ನಾನು ಶಾಲೆಯಲ್ಲಿ ಟೀಚರಾಗಿದ್ದವಳು ಬೇಗನೆ ನಿವೃತ್ತಿ ತಗೊಂಡೆ. ನಲವತ್ತಾರನೇ ವಯಸ್ಸಿಗೆ ಡ್ರೈವಿಂಗ್ ಕಲಿತೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಒಂಬತ್ತಕ್ಕೆ ಆಸ್ಪತ್ರೆ ಮುಟ್ಟಬೇಕು. ಮಷೀನು ನಮಗೆ ನಾಲ್ಕು ಗಂಟೆ ಮಾತ್ರ. ಆಮೇಲೆ ಇನ್ನೊಬ್ಬರು ಕಾದಿರುತ್ತಾರೆ. ನಾವು ಅರ್ಧ ಗಂಟೆ ತಡವಾದರೆ ಆ ಅರ್ಧ ಗಂಟೆ ನಮ್ಮದೇ ನಷ್ಟ, ಅಷ್ಟು ರಕ್ತ ಶುದ್ಧವಾಗುವುದಿಲ್ಲ.

ಹೀಗಿರುವಾಗ ನಮ್ಮ ಹಳೇ ಡೀಸೆಲ್ ಕಾರು ಒಂದು ಶುಕ್ರವಾರ ಮೂಡಿಗೆರೆ ದಾಟಿದ ಮೇಲೆ ಏರಿನಲ್ಲಿ ಸೊರಗಿತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಳೆಯುತ್ತಿಲ್ಲ. ಮೂರನೇ ಗೇರು ಹೋಯಿತು, ಎರಡು ಹೋಯಿತು, ಒಂದರಲ್ಲಿ ತೆವಳಿಕೊಂಡು ಹತ್ತಿದೆ. ಕನ್ನಡಿಯಲ್ಲಿ ನೋಡಿದರೆ ಬರೀ ಕರಿ ಹೊಗೆ, ಆ ಹೊಗೆಯೊಳಗಿಂದ ಬಸ್ಸಿನ ಹಾರ್ನು. ಅವತ್ತು ಹೇಗೋ ಮುಟ್ಟಿದೆವು. ಆಮೇಲೆ ಇದೇ ಗೋಳು. ಗ್ಯಾರೇಜಿಗೆ ಒಯ್ದು ನಿಲ್ಲಿಸಿದರೆ ಕಾರು ಸಾಧು ಹಸುವಿನ ಹಾಗೆ. ಏರಿಗೆ ಹೋದರೆ ಮತ್ತೆ ಅದೇ. ಮೂರು ಕಡೆ ತೋರಿಸಿದೆವು. ಮೂವರೂ ಹೇಳಿದ್ದು ಒಂದೇ: "ಟರ್ಬೊ ಹೋಗಿದೆ. ಹೊಸದು ಹಾಕ್ಬೇಕು." ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಎಳೆದು ತುಂಬುವ ಚಕ್ರವಂತೆ.

ಒಬ್ಬ ಪಿಕಪ್ ಡ್ರೈವರು ಸಿಲ್ವರ್ ಮರದ ಗುರುತು ಹೇಳಿದ. ಸೋಮವಾರ ಹೋದೆ. ನಾನು ಕಾರಿನಿಂದ ಇಳಿಯುತ್ತಲೇ, "ಟರ್ಬೊ ಹೋಗಿದೆ, ಬದಲಾಯಿಸ್ಬೇಕಂತೆ" ಅಂದೆ.

"ಇರ್ಲಿ ಮಾರಾಯ್ರೆ. ಎಲ್ಲಿಗೆ ಹೋಗ್ತಿದ್ರಿ?"

"ಎಲ್ಲಿಗಾದ್ರೇನು? ಏರು ಹತ್ತಲ್ಲ."

"ಹಾಗಲ್ಲ. ಹೇಳಿ."

ಹೇಳಿದೆ. ಡಯಾಲಿಸಿಸ್ ಅಂದ ಕೂಡಲೆ ಅವರು ಬಟ್ಟೆಯಲ್ಲಿ ಕೈ ಒರೆಸುತ್ತಿದ್ದದ್ದು ನಿಂತಿತು. ಮತ್ತೆ ಒಂದೊಂದೇ ಕೇಳಿದರು. ಮನೆಯಿಂದ ಮೂಡಿಗೆರೆವರೆಗೂ ಏರು ಇದೆಯಲ್ಲ, ಅಲ್ಲಿ ಯಾಕೆ ಹೀಗಾಗೋದಿಲ್ಲ? ವಾಪಸ್ ಬರುವಾಗ? ಮಳೆ ಬಂದ ದಿನ? ನಾನು ಯೋಚಿಸಿದೆ. ಹೌದು, ಮೊದಲ ಮುಕ್ಕಾಲು ಗಂಟೆ ಕಾರಿಗೆ ಏನೂ ಆಗುತ್ತಿರಲಿಲ್ಲ. ಜೋರು ಮಳೆ ಬಂದ ಒಂದು ಮಂಗಳವಾರ ಚಿಕ್ಕಮಗಳೂರಿನವರೆಗೂ ಸಲೀಸಾಗಿ ಹೋಗಿತ್ತು. ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ.

"ಬಿಸಿ ಆದ್ಮೇಲೆ ಬರೋ ಕಾಯಿಲೆ ಇದು," ಅಂದರು. "ಇಲ್ಲಿ ನಿಲ್ಸಿ ನೋಡಿದ್ರೆ ಸಿಗೋದಿಲ್ಲ. ನಾಳೆ ನಾನು ನಿಮ್ಮ ಜೊತೆ ಬರ್ತೇನೆ."

ಮಾರನೇ ದಿನ ನಾವು ಮೂಡಿಗೆರೆಗೆ ಬರುವಷ್ಟರಲ್ಲಿ ಅವರು ಮೊದಲ ಬಸ್ಸಿಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದ್ದರು. ಕಾರಿನ ಬಾಗಿಲು ತೆಗೆದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಹಿಂದಿನ ಸೀಟಿನ ಮೇಲೆ ಪೇಪರ್ ಹಾಸಿ, ತಮ್ಮ ಪ್ಯಾಂಟಿನ ಎಣ್ಣೆ ತಾಗದ ಹಾಗೆ ಅದರ ಮೇಲೆ ಕೂತರು. ಆಮೇಲೆ ನೋಡಿದೆ, ಯಾರ ಕಾರು ಹತ್ತುವಾಗಲೂ ಹಾಗೇ.

ಏರು ಶುರುವಾಯಿತು. ಕಾರು ಸೊರಗಿತು. ನನಗೆ ಒಳಗೊಳಗೆ ಖುಷಿಯಾಯಿತು, ಸದ್ಯ ಇವರ ಎದುರಿಗಾದರೂ ಆಯಿತಲ್ಲ ಅಂತ. "ಪಕ್ಕಕ್ಕೆ ಹಾಕಿ. ಆಫ್ ಮಾಡ್ಬೇಡಿ" ಅಂದರು. ಬರಿಗಾಲಲ್ಲೇ ಇಳಿದು ಬಾನೆಟ್ ತೆಗೆದರು. "ಈಗ ತುಳೀರಿ. ಇನ್ನೂ. ಪೂರ್ತಿ." ನಾನು ತುಳಿದೆ. "ಟೀಚರ್, ಹ್ಯಾಂಡ್ ಬ್ರೇಕ್ ಹಾಕಿ ಇಲ್ಲಿ ಬನ್ನಿ. ಭಟ್ರೆ, ನೀವು ಸ್ವಲ್ಪ ಈ ಕಡೆ ಕೂತು ಆಕ್ಸಿಲರೇಟರ್ ಒತ್ತಿ."

ಮನೆಯವರು ಒತ್ತಿದರು. ನಾನು ನೋಡಿದೆ. ಗಾಳಿ ಸೋಸುವ ಡಬ್ಬಿಯಿಂದ ಟರ್ಬೊಗೆ ಹೋಗುವ ದಪ್ಪ ರಬ್ಬರ್ ಪೈಪು, ಇಂಜಿನ್ ಜೋರಾದ ಹಾಗೆ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಮೊದಲಿನ ಹಾಗೆ ಗುಂಡಗೆ.

"ನೋಡಿದ್ರಾ? ಎಳನೀರು ಮುಗಿದ ಮೇಲೂ ಸ್ಟ್ರಾ ಎಳೆದ್ರೆ ಹೀಗೇ ಆಗ್ತದೆ. ರಬ್ಬರು ಹಳೇದು. ತಣ್ಣಗಿದ್ದಾಗ ಗಟ್ಟಿ, ಬಿಸಿಯಾದ್ರೆ ಮೆತ್ತಗೆ. ಟರ್ಬೊ ಪಾಪ ಗಾಳಿ ಕೊಡಿ ಅಂತ ಎಳೀತದೆ, ದಾರಿಯೇ ಮುಚ್ಚಿಕೊಳ್ತದೆ. ಡೀಸೆಲ್ ಮಾತ್ರ ಹೋಗ್ತಾ ಇರ್ತದೆ. ಗಾಳಿ ಸಾಕಾಗೋದಿಲ್ಲ, ಕರಿ ಹೊಗೆ."

ಇಂಜಿನ್ ಆಫ್ ಮಾಡಿಸಿ, ಜೇಬಿನಿಂದ ದಪ್ಪ ತಂತಿ ತೆಗೆದು, ಸುರುಳಿ ಸುತ್ತಿ, ಪೈಪಿನ ಒಂದು ತುದಿ ಬಿಚ್ಚಿ ಒಳಗೆ ತೂರಿಸಿದರು. ಚಪ್ಪಟೆಯಾಗದ ಹಾಗೆ ಅದು ಒಳಗಿನಿಂದ ಹಿಡಿದುಕೊಂಡಿತು. ಬಿಸಿಗೆ ಬೆರಳ ತುದಿ ಸುಟ್ಟಿರಬೇಕು, ಕಿವಿ ಮುಟ್ಟಿಕೊಂಡರು. "ಇವತ್ತಿಗೆ ಸಾಕು. ನಾಳೆ ಹೊಸ ಪೈಪ್ ತರಿಸ್ತೇನೆ. ಟೈಮ್ ಎಷ್ಟು? ಹತ್ತಿ, ಹತ್ತಿ." ಒಂಬತ್ತಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ಗೇಟಿನಲ್ಲಿದ್ದೆವು. ಆದರೆ ಅವರು ಗೇಟು ದಾಟಲಿಲ್ಲ. ಕಾಫಿ ಕುಡಿಯಲು ಒಳಗಿನ ಕ್ಯಾಂಟೀನಿಗೆ ಕರೆದರೂ ಬರಲಿಲ್ಲ. "ನಂಗೆ ಆಸ್ಪತ್ರೆ ವಾಸನೆಗೇ ತಲೆ ತಿರುಗ್ತದೆ ಟೀಚರ್. ರಕ್ತ ಕಂಡ್ರಂತೂ ಬಿದ್ದೇ ಹೋಗ್ತೇನೆ" ಅಂದು ಬಸ್ಸು ಹಿಡಿದು ಹೋದರು.

ಆಮೇಲೆ ವಾರಕ್ಕೆರಡು ಸಲ ಹೋಗುವಾಗ, ಬರುವಾಗ ಅವರ ಗ್ಯಾರೇಜಿನ ಎದುರು ನಿಲ್ಲಿಸುವುದು ರೂಢಿಯಾಯಿತು. ಆ ಐದೈದು ನಿಮಿಷಗಳಲ್ಲೇ ನಾನು ಅವರನ್ನು ನೋಡಿದ್ದು. ಬಾನೆಟ್ಟನ್ನು ಎಂದೂ ದಢಾರನೆ ಮುಚ್ಚುತ್ತಿರಲಿಲ್ಲ. ಇಳಿಸಿ, ಎರಡೂ ಅಂಗೈ ಇಟ್ಟು ಒತ್ತುತ್ತಿದ್ದರು, ರೊಟ್ಟಿ ತಟ್ಟುವ ಹಾಗೆ. ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸುತ್ತಿದ್ದರು. ಕಂಪ್ಯೂಟರಿನಂಥ ಸ್ಕ್ಯಾನರ್ ಒಂದು ಅವರ ಹತ್ತಿರವೂ ಇತ್ತು. ಅದರ ಮೇಲೆ ಸಿಟ್ಟೇನೂ ಇರಲಿಲ್ಲ. "ಅದು ಸುಳ್ಳು ಹೇಳೋದಿಲ್ಲ. ಜ್ವರ ಎಷ್ಟಿದೆ ಅಂತ ಹೇಳ್ತದೆ. ಜ್ವರ ಎಂತಕೆ ಬಂತು ಅಂತ ನಾವೇ ಹುಡುಕ್ಬೇಕು" ಅನ್ನುತ್ತಿದ್ದರು.

ಒಮ್ಮೆ ನಮ್ಮೆದುರಿಗೇ ಗೋಣಿಬೀಡು ಕಡೆಯ ಎಸ್ಟೇಟ್ ಓನರ್ ಒಬ್ಬರು ದೊಡ್ಡ ಕಾರಿನಲ್ಲಿ ಬಂದರು. ಎಳೆಯುತ್ತಿಲ್ಲ, ಟರ್ಬೊ ಬದಲಾಯಿಸಿ, ಮೊಬೈಲಲ್ಲಿ ವಿಡಿಯೊ ನೋಡಿದ್ದೇನೆ ಅಂದರು. ಇವರು ಯಥಾಪ್ರಕಾರ ಎಲ್ಲಿಗೆ ಹೋಗಿದ್ರಿ, ಎಲ್ಲಿ ನಿಲ್ಲಿಸ್ತೀರಿ ಅಂತ ಶುರು ಮಾಡಿದರು. ಕಾಫಿ ಬೀಜದ ಮೇಲಿನ ಒಣ ಸಿಪ್ಪೆ ಸುಲಿಯುವ ಶೆಡ್ಡಿನ ಪಕ್ಕದಲ್ಲೇ ತಿಂಗಳಿಂದ ಕಾರು ನಿಲ್ಲುತ್ತಿದೆ ಅಂತ ಗೊತ್ತಾಯಿತು. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಬಡಿದರು. ಅರ್ಧ ಸೇರಿನಷ್ಟು ಹೊಟ್ಟು ಬಿತ್ತು.

"ಸರ್, ನಿಮ್ಮ ಕಾರಿಗೆ ಮೂಗು ಕಟ್ಟಿದೆ ಅಷ್ಟೆ. ನೀವು ಎದೆ ಕುಯ್ಸಕ್ಕೆ ಹೊರಟಿದ್ದೀರಿ."

ಓನರ್ ಮುಖ ಕೆಂಪಾಯಿತು. ಆಮೇಲೆ ಅವರೂ ನಕ್ಕರು. ನಮ್ಮ ಮನೆಯವರು ಚಿಕ್ಕಮಗಳೂರು ಮುಟ್ಟುವವರೆಗೂ ಅದನ್ನೇ ಹೇಳಿ ಹೇಳಿ ನಕ್ಕರು. ಡಯಾಲಿಸಿಸ್ಸಿಗೆ ಹೋಗುವ ದಾರಿಯಲ್ಲಿ ಅವರು ಹಾಗೆ ನಕ್ಕದ್ದು ಅದೇ ಮೊದಲು.

ನನಗೆ ಅವರು ಎರಡು ಪಾಠ ಹೇಳಿಕೊಟ್ಟಿದ್ದರು. ಒಂದು, ಏರು ಹತ್ತಿ ಬಂದ ಕೂಡಲೆ ಇಂಜಿನ್ ಆಫ್ ಮಾಡಬಾರದು. ಟರ್ಬೊದ ಚಕ್ರ ಇನ್ನೂ ತಿರುಗುತ್ತಿರುತ್ತದೆ, ಎಣ್ಣೆ ನಿಂತರೆ ಸುಟ್ಟುಹೋಗುತ್ತದೆ. "ಓಡಿ ಬಂದವನಿಗೆ ಬಾಗಿಲಲ್ಲೇ ಮಲಗು ಅಂತೀರಾ? ಒಂದು ನಿಮಿಷ ಸುಧಾರಿಸಿಕೊಳ್ಳಕ್ಕೆ ಬಿಡಿ." ಎರಡನೆಯದನ್ನು ನಾನು ತಮಾಷೆ ಅಂದುಕೊಂಡಿದ್ದೆ. ಎಂದಾದರೂ ಇಂಜಿನ್ ತನ್ನಷ್ಟಕ್ಕೆ ಜೋರಾಗಿ, ಕೀ ತೆಗೆದರೂ ನಿಲ್ಲದೇ ಹೋದರೆ ಹೆದರಬೇಡಿ, ದೊಡ್ಡ ಗೇರಿಗೆ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಕ್ಲಚ್ ಒಮ್ಮೆಲೇ ಬಿಟ್ಟುಬಿಡಿ ಅಂದಿದ್ದರು. "ಕೀ ತೆಗೆದ್ರೂ ನಿಲ್ಲೋದಿಲ್ವಾ? ಅದೆಂಥ ಕಾರು?" ಅಂತ ನಾನು ನಕ್ಕಿದ್ದೆ. ಅವರು ನಗಲಿಲ್ಲ. ನಿಂತ ಕಾರಿನಲ್ಲಿ ನನ್ನನ್ನು ಕೂರಿಸಿ ಮೂರು ಸಲ ಮಾಡಿಸಿದರು.

ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೇ ವರ್ಷದ ಮಳೆಗಾಲದ ಕೊನೆಗೆ ಕಾರು ಮತ್ತೆ ಸ್ವಲ್ಪ ಮಂಕಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ನೀಲಿ ಹೊಗೆ. ಎಣ್ಣೆಯೂ ಬೇಗ ಇಳಿಯುತ್ತಿತ್ತು. ಒಯ್ದು ತೋರಿಸಿದೆ. ಅವತ್ತು ಅವರ ಹತ್ತಿರ ಬೇರೆ ಗಾಡಿಗಳೂ ಇದ್ದವು. ಹುಡುಕಿ, ಟರ್ಬೊವನ್ನು ಹತೋಟಿಯಲ್ಲಿಡುವ ಒಂದು ಸಣ್ಣ ಪೈಪು ಬಿರುಕು ಬಿಟ್ಟದ್ದನ್ನು ತೋರಿಸಿ ಬದಲಾಯಿಸಿದರು. ಕಾರು ಎಳೆಯತೊಡಗಿತು. "ನೀಲಿ ಹೊಗೆ?" ಅಂತ ಕೇಳಿದೆ.

"ವಯಸ್ಸಾಯ್ತಲ್ಲ ಟೀಚರ್, ಸ್ವಲ್ಪ ಎಣ್ಣೆ ತಿಂತದೆ. ನಿಮ್ಮ ಟರ್ಬೊ ಗಟ್ಟಿ ಇದೆ. ಮೂರು ಜನ ಹೋಗಿದೆ ಅಂದಾಗಲೂ ಹೋಗಿರ್ಲಿಲ್ಲ ಅದು."

ಹತ್ತು ದಿನಕ್ಕೆ, ಶುಕ್ರವಾರ ಬೆಳಿಗ್ಗೆ, ಮೂಡಿಗೆರೆ ದಾಟಿ ಐದಾರು ಕಿಲೋಮೀಟರಿನಲ್ಲಿ ಇಂಜಿನ್ ಕೂಗತೊಡಗಿತು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕೂಗು ಇನ್ನೂ ಏರಿತು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಕ್ಲಚ್ ಒತ್ತಿ ಪಕ್ಕಕ್ಕೆ ತಂದು ಕೀ ತೆಗೆದೆ. ಕೀ ನನ್ನ ಕೈಯಲ್ಲಿದೆ, ಇಂಜಿನ್ ಮಾತ್ರ ಅರಚುತ್ತಲೇ ಇದೆ. ಕಾರಿಗೆ ಕಾರೇ ನಡುಗುತ್ತಿತ್ತು. ಮನೆಯವರು ಬಾಗಿಲು ತೆಗೆಯಲು ಹೋದರೆ ಹಿಡಿ ಸಿಗುತ್ತಿಲ್ಲ. ನನ್ನ ಕೈ ತಾನೇ ಐದನೇ ಗೇರಿಗೆ ಹೋಯಿತು. ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ಒತ್ತಿ, ಕ್ಲಚ್ ಬಿಟ್ಟೆ. ಕಾರು ಒಮ್ಮೆ ಗುದ್ದಿದ ಹಾಗೆ ಮುಂದಕ್ಕೆ ಹಾರಿ ಸತ್ತುಹೋಯಿತು. ಆ ನಿಶ್ಶಬ್ದ ಈಗಲೂ ಕಿವಿಯಲ್ಲಿದೆ.

ಫೋನ್ ಮಾಡಿದ ಕಾಲು ಗಂಟೆಯೊಳಗೆ ಅವರು ತಮ್ಮ ಹಳೇ ಜೀಪಿನಲ್ಲಿ ಬಂದರು. ಅಷ್ಟರಲ್ಲಿ ಮನೆಯವರನ್ನು ಒಂದು ಎಸ್ಟೇಟ್ ಪಿಕಪ್ಪಿನಲ್ಲಿ ಕೂರಿಸಿದ್ದೆ, ನಾನೂ ಹತ್ತುವುದರಲ್ಲಿದ್ದೆ. ಅವರು ಬಾನೆಟ್ ತೆಗೆದು ಟರ್ಬೊದ ಪೈಪು ಬಿಚ್ಚಿದರು. ಒಳಗಿಂದ ಎಣ್ಣೆ ಸುರಿಯಿತು. ಬೆರಳು ಹಾಕಿ ಚಕ್ರದ ಕಡ್ಡಿ ಅಲ್ಲಾಡಿಸಿ ನೋಡಿದರು. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಟರ್ಬೊ," ಅಂದರು. ಎಣ್ಣೆ ತಡೆಯುವ ಸೀಲ್ ಹೋಗಿ, ಇಂಜಿನ್ ಡೀಸೆಲ್ ಬಿಟ್ಟು ತನ್ನ ಎಣ್ಣೆಯನ್ನೇ ಕುಡಿದು ಓಡಿತ್ತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮ್ಮನ್ನ ನಂಬಿ ಇವರನ್ನ ಕೂರಿಸ್ಕೊಂಡು ಹೋಗ್ತಿದ್ದೆ ನಾನು" ಅಂದೆ. ಅಷ್ಟೇ ಅಂದದ್ದು. ಪಿಕಪ್ ಹೊರಟ ಮೇಲೆ ತಿರುಗಿ ನೋಡಿದರೆ ಅವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು.

ಅವತ್ತು ಮುಕ್ಕಾಲು ಗಂಟೆ ತಡವಾಯಿತು. ಅಷ್ಟು ಹೊತ್ತು ಮಷೀನು ಕಡಿಮೆಯಾಯಿತು. ಶನಿವಾರ ರಾತ್ರಿಯಿಂದಲೇ ಮನೆಯವರಿಗೆ ಮೈಯಲ್ಲಿ ನೀರು ನಿಂತು ಉಸಿರು ಕಟ್ಟತೊಡಗಿತು. ಭಾನುವಾರ ಬೆಳಿಗ್ಗೆ ಮೂರು ದಿಂಬು ಒರಗಿಸಿ ಕೂರಿಸಿದ್ದೆ. ಆಗ ಅವರ ಜೀಪು ಅಂಗಳಕ್ಕೆ ಬಂತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದವರು ಮಂಚದಲ್ಲಿ ಏದುಸಿರು ಬಿಡುತ್ತಿದ್ದ ಮನೆಯವರನ್ನು ನೋಡಿ ನಿಂತಲ್ಲೇ ನಿಂತರು.

"ಭಟ್ರೆ, ತಪ್ಪಾಯ್ತು. ಬೆರಳು ಹಾಕಿ ನೋಡ್ಬೇಕಿತ್ತು. ಎರಡು ನಿಮಿಷದ ಕೆಲಸ. ನೋಡ್ಲಿಲ್ಲ. ಆ ಮೂರು ಜನ ಟರ್ಬೊ ಹೋಗಿದೆ ಅಂದಾಗ ನಾನು ಹೋಗಿಲ್ಲ ಅಂದಿದ್ದೆನಲ್ಲ, ಆ ಹೆಮ್ಮೆ ತಲೇಲಿ ಕೂತಿತ್ತು. ಹೋಗಿರ್ಬಹುದು ಅಂತ ಯೋಚನೆನೇ ಬರ್ಲಿಲ್ಲ."

ಮನೆಯವರು ಉಸಿರು ಎಳೆದುಕೊಂಡು, ಮಧ್ಯೆ ಮಧ್ಯೆ ನಿಲ್ಲಿಸಿ ಹೇಳಿದರು: "ನನ್ನ ಕಿಡ್ನಿ ಹೋದದ್ದು ಮೂರು ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ ಮಾರಾಯ್ರೆ. ನಿಮಗೊಬ್ರಿಗೇ ಎಂತಕೆ ಎಲ್ಲಾ ಗೊತ್ತಾಗ್ಬೇಕು? ಕೂತ್ಕೊಳ್ಳಿ."

ಕೂರಲಿಲ್ಲ. "ಈಗಲೇ ಆಸ್ಪತ್ರೆಗೆ ಹೊರಡಣ" ಅಂದರು. ಇನ್ನು ನಮ್ಮನ್ನು ತಾವೇ ಕರೆದೊಯ್ಯಬೇಕು ಅಂತ, ಜೀಪಿನ ಹಿಂದಿನ ಸೀಟಿಗೆ ತಮ್ಮ ಮನೆಯ ಹಾಸಿಗೆಯನ್ನೇ ಮಡಚಿ ಹಾಕಿಕೊಂಡು ಬಂದಿದ್ದರು. ಅವತ್ತು ತುರ್ತಾಗಿ ಮಷೀನು ಸಿಕ್ಕಿತು, ಉಸಿರು ಬಂತು. ಸಂಜೆ ಮನೆಗೆ ಬಿಟ್ಟು ಹೋಗುವಾಗ ನನ್ನ ಹತ್ತಿರ, "ಟೀಚರ್, ಆ ಮೂವರ ಹತ್ರಾನೂ ಹೋಗಿ ಹೇಳಿ ಬಂದೆ. ನೀವಂದದ್ದು ಇವತ್ತಲ್ಲ ನಾಳೆ ನಿಜ ಆಗೋದೇ ಇತ್ತು, ನಾನು ನೋಡ್ಲಿಲ್ಲ ಅಂತ" ಅಂದರು. ಅದನ್ನು ಅವರು ಹೇಳಬೇಕಾಗಿರಲಿಲ್ಲ. ಆ ಮೂವರೂ ಎರಡು ವರ್ಷದ ಹಿಂದಿನ ನಮ್ಮ ಕಾರನ್ನು ಮರೆತೇ ಬಿಟ್ಟಿದ್ದಿರಬೇಕು. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಇನ್ನರ್ಧ ಇಳಿಯಲು ಐದು ವಾರ ಬೇಕಾಯಿತು.

ಯಾಕೆಂದರೆ ನಮ್ಮ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಲು ಐದು ವಾರ ಹಿಡಿಯಿತು, ಆ ಐದು ವಾರವೂ ಮಂಗಳವಾರ, ಶುಕ್ರವಾರ ಅವರ ಜೀಪು ಬೆಳಿಗ್ಗೆ ಏಳಕ್ಕೆ ನಮ್ಮ ಅಂಗಳದಲ್ಲಿ ಇರುತ್ತಿತ್ತು. ಅಂದರೆ ಅವರು ಆಲ್ದೂರಿನಿಂದ ಐದೂವರೆಗೆ ಹೊರಡಬೇಕು. ಬೇಡ, ಬಾಡಿಗೆ ಕಾರು ಮಾಡ್ತೇವೆ ಅಂದರೆ ಕೇಳಿದವರ ಹಾಗೆ ತಲೆಯಾಡಿಸಿ ಮತ್ತೆ ಬರುತ್ತಿದ್ದರು.

ಮೊದಲ ಒಂದೆರಡು ಸಲ ಆಸ್ಪತ್ರೆಯ ಹೊರಗೆ ಜೀಪಿನಲ್ಲೇ ನಾಲ್ಕು ಗಂಟೆ ಕೂತರು. ಮೂರನೇ ಸಲ ಜೋರು ಮಳೆ, ವರಾಂಡಕ್ಕೆ ಬಂದರು. ನಾಲ್ಕನೇ ಸಲ ಮನೆಯವರೇ ಹಟ ಹಿಡಿದರು. "ಒಳಗೆ ಬನ್ನಿ. ನಿಮ್ಮ ಕಥೆ ಇಲ್ಲದೆ ನಾಲ್ಕು ಗಂಟೆ ಹೋಗೋದಿಲ್ಲ." ಬಂದರು. ರಕ್ತ ಹರಿಯುವ ಪೈಪು ನೋಡಿದರು. ಮುಖ ಬಿಳುಚಿಕೊಂಡು ಸ್ಟೂಲಿನಿಂದ ಪಕ್ಕಕ್ಕೆ ವಾಲಿದರು. ಸಿಸ್ಟರ್ ಓಡಿ ಬಂದು ಹಿಡಿದುಕೊಂಡು ಪಕ್ಕದ ಮಂಚದಲ್ಲಿ ಮಲಗಿಸಿದರು. ಮನೆಯವರು ಒಂದು ಮಂಚದಲ್ಲಿ, ಅವರು ಇನ್ನೊಂದರಲ್ಲಿ. ಇಬ್ಬರೂ ಚಾವಣಿ ನೋಡಿಕೊಂಡು ಮಾತಾಡುತ್ತಾ ಮಲಗಿದ್ದನ್ನು ನಾನು ಫೋಟೊ ತೆಗೆದಿಟ್ಟಿದ್ದೇನೆ.

ಆಮೇಲೆ ಅಭ್ಯಾಸವಾಯಿತು. ರಕ್ತ ನೋಡದೆ ಮಷೀನು ಮಾತ್ರ ನೋಡುವುದನ್ನು ಕಲಿತರು. ಅಲ್ಲಿನ ಟೆಕ್ನೀಶಿಯನ್ ಹತ್ತಿರ ಪಂಪು ಯಾವುದು, ಫಿಲ್ಟರ್ ಯಾವುದು, ಪ್ರೆಶರ್ ಎಷ್ಟಿರಬೇಕು ಅಂತೆಲ್ಲ ಕೇಳಿದರು. ಒಂದು ದಿನ ಮಷೀನು ಕೂಗಿಕೊಂಡಿತು. ಸಿಸ್ಟರ್ ಬರುವಷ್ಟರಲ್ಲಿ ಇವರು ಕೈ ಹಿಂದಕ್ಕೆ ಕಟ್ಟಿ, ಏನನ್ನೂ ಮುಟ್ಟದೆ, ಮಂಚದ ಸುತ್ತ ಒಂದು ಸುತ್ತು ಬಂದು, "ಸಿಸ್ಟರ್, ಪೈಪು ಭಟ್ರ ಮೊಣಕೈ ಕೆಳಗೆ ಸಿಕ್ಕಿದೆ ನೋಡಿ" ಅಂದರು. ಸಿಸ್ಟರ್ ಅದನ್ನು ಬಿಡಿಸಿದ ಕೂಡಲೆ ಕೂಗು ನಿಂತಿತು. "ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ ಅಂಕಲ್?" ಅಂತ ಆಕೆ ಕೇಳಿದರೆ ಇವರಿಗೆ ಹುಡುಗಿಯರ ಹಾಗೆ ನಾಚಿಕೆ.

ನಮ್ಮ ಕಾರು ಸರಿಯಾಗಿ ಬಂದ ಮೇಲೂ ಅವರು ಆಗಾಗ ಶುಕ್ರವಾರ ಕಾರು ಹತ್ತುತ್ತಿದ್ದರು. ಇಂಜಿನ್ ಹೇಗಿದೆ ಕೇಳ್ಬೇಕು ಅನ್ನುವುದು ನೆಪ. ಹಿಂದಿನ ಸೀಟಿನಲ್ಲಿ ಪೇಪರ್ ಹಾಸಿಕೊಂಡು ಕೂತು ಇಬ್ಬರೂ ಮಾತಿಗೆ ಬಿದ್ದರೆ ಇಂಜಿನ್ ಯಾರಿಗೂ ನೆನಪಿರುತ್ತಿರಲಿಲ್ಲ. ಮನೆಯವರು ಅವರಿಗೆ ದೇವಸ್ಥಾನದ ಜಗಳಗಳನ್ನು ಹೇಳುತ್ತಿದ್ದರು. ಅವರು ಮನೆಯವರಿಗೆ ಯಾವ ಎಸ್ಟೇಟಿನ ಓನರ್ ಹೇಗೆ ಗಾಡಿ ಓಡಿಸುತ್ತಾನೆ ಅಂತ ಹೇಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಮ್ಮ ಮನೆಯವರಿಗೆ ಒಬ್ಬ ಗೆಳೆಯ ಅಂತ ಇದ್ದದ್ದು ನಾನು ನೋಡಿರಲಿಲ್ಲ. ಕಾಯಿಲೆ ಬಂದ ಮೇಲೆ ಸಿಕ್ಕಿದರು.

ಅವರು ಹೋದದ್ದೂ ಒಂದು ಶುಕ್ರವಾರ. ಬೆಳಿಗ್ಗೆ ಆರಕ್ಕೆ ಅವರ ಪಕ್ಕದ ಮನೆಯವರ ಫೋನು ಬಂತು. ಎದ್ದು ಮುಖ ತೊಳೆದು, ಗ್ಯಾರೇಜಿನ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದವರು ಹಾಗೇ ಒರಗಿದರಂತೆ. ಹನ್ನೊಂದು ಗಂಟೆಗೆ ದೇಹ ತೆಗೆಯುತ್ತಾರಂತೆ. ಮನೆಯವರಿಗೆ ಹೇಗೆ ಹೇಳುವುದು ಅಂತ ನಾನು ಫೋನು ಹಿಡಿದು ನಿಂತಿದ್ದರೆ, ಅವರು ನನ್ನ ಮುಖ ನೋಡಿಯೇ, "ಯಾರು?" ಅಂದರು. ಹೇಳಿದೆ.

"ಸಾಲಲ್ಲಿ ನಾನಲ್ವಾ ಮುಂದೆ ನಿಂತಿದ್ದದ್ದು" ಅಂದರು.

ಏಳಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ನಿಲ್ಲಿಸಿ ಮುಖ ನೋಡಿ ಹತ್ತು ನಿಮಿಷಕ್ಕೆ ಹೊರಟರೆ? ಇವತ್ತು ಬಿಟ್ಟು ನಾಳೆ ಕೇಳಿಕೊಂಡರೆ? ಆದರೆ ನಾಳೆ ಮಷೀನು ಸಿಗುತ್ತದೆ ಅಂತ ಏನು ನಂಬಿಕೆ. ಆ ಭಾನುವಾರದ ಮೂರು ದಿಂಬು ಕಣ್ಣೆದುರಿಗೆ ಬಂತು. ಗ್ಯಾರೇಜು ಹತ್ತಿರ ಬಂದ ಹಾಗೆ ರಸ್ತೆ ಪಕ್ಕ ಜೀಪುಗಳು, ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ತಗಡಿನ ಕೆಳಗೆ ಜನ. ನಾನು ನಿಧಾನ ಮಾಡಿದೆ.

"ನಿಲ್ಲಿಸ್ಬೇಡ," ಅಂದರು ಮನೆಯವರು. "ನಿಲ್ಲಿಸಿದ್ರೆ ಇಳೀತೇನೆ. ಇಳಿದ್ರೆ ಇವತ್ತು ಮುಂದಕ್ಕೆ ಹೋಗೋದಿಲ್ಲ. ಹೋಗು."

ಕಿಟಕಿಯ ಗಾಜು ಇಳಿಸಿ ಆ ಕಡೆಗೆ ಕೈ ಮುಗಿದರು. ನಾನು ಗೇರು ಬದಲಾಯಿಸಿ ಮುಂದಕ್ಕೆ ಹೋದೆ. ಅಷ್ಟು ಜನ ನಮ್ಮ ಕಾರು ಗುರುತಿಸಿದರು, ನಾವು ನಿಲ್ಲಿಸದೆ ಹೋದದ್ದನ್ನೂ ನೋಡಿದರು. ಏನಂದುಕೊಂಡರೋ ಅಂತ ಚಿಕ್ಕಮಗಳೂರಿನವರೆಗೂ ನನಗೆ ಕೊರೆಯಿತು. ಅವತ್ತು ನಾಲ್ಕು ಗಂಟೆಯೂ ಮನೆಯವರು ಕಣ್ಣು ಮುಚ್ಚಿಕೊಂಡೇ ಇದ್ದರು. ಸಿಸ್ಟರಿಗೆ ವಿಷಯ ಹೇಳಿದೆ. ಆಕೆ ಅಲ್ಲಿದ್ದ ಖಾಲಿ ಸ್ಟೂಲನ್ನು ಸುಮ್ಮನೆ ಒಮ್ಮೆ ನೋಡಿ ಹೋದರು.

ವಾಪಸ್ ಬರುವಾಗ ಎರಡು ಗಂಟೆ ದಾಟಿತ್ತು. ಎಲ್ಲ ಮುಗಿದಿತ್ತು. ಅಂಗಳ ತೊಳೆದು ಒದ್ದೆಯಾಗಿತ್ತು, ನಾಲ್ಕೈದು ಕುರ್ಚಿ, ನೆಂಟರು ಒಂದಿಬ್ಬರು. ನಾನು ಮನೆಯವರ ತೋಳು ಹಿಡಿದುಕೊಂಡು ಹೋದೆ. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ಕಾಲು ನಿಲ್ಲುವುದಿಲ್ಲ. ಗ್ಯಾರೇಜಿನವರ ಹೆಂಡತಿ ಒಳಗಿನಿಂದ ಬಂದರು. ಅತ್ತು ಅತ್ತು ದನಿ ಹೋಗಿತ್ತು. ಬೆಳಿಗ್ಗೆ ನಿಲ್ಲಿಸಲಿಲ್ಲ ಅಂತ ಹೇಳಲು ನಾನು ಬಾಯಿ ತೆರೆದೆ, ಆಕೆ ಅದಕ್ಕೆ ಮೊದಲೇ ಮನೆಯವರಿಗೆ ಕುರ್ಚಿ ಸರಿಸಿ, "ಕೂತ್ಕೊಳ್ಳಿ ಭಟ್ರೆ, ಸುಸ್ತಾಗಿರ್ತದೆ" ಅಂದು ಒಳಗೆ ಹೋದರು.

ಬರುವಾಗ ಕೈಯಲ್ಲಿ ಒಂದು ಸ್ಟೀಲ್ ಲೋಟ. ಅದರಲ್ಲಿ ಸರಿಯಾಗಿ ಅರ್ಧದಷ್ಟು ನೀರು.

"ನಿಮಗೆ ಅರ್ಧ ಲೋಟವೇ ಕೊಡ್ಬೇಕಂತೆ, ಜಾಸ್ತಿ ಕೊಟ್ರೆ ನಿಮಗೆ ತೊಂದರೆಯಂತೆ. ಅವರು ಹೇಳಿಟ್ಟಿದ್ರು" ಅಂದರು.

ಸಾವಿನ ಮನೆಯಲ್ಲಿ ನಮ್ಮ ಮನೆತನದವರು ಹನಿ ನೀರೂ ಮುಟ್ಟುವುದಿಲ್ಲ. ನಮ್ಮ ಮಾವನವರ ಕಾಲದಿಂದ, ಅದಕ್ಕೂ ಹಿಂದಿನಿಂದ ನಡೆದುಕೊಂಡು ಬಂದದ್ದು. ನಾನು ಮನೆಯವರ ಮುಖ ನೋಡಿದೆ. ಅವರು ಎರಡೂ ಕೈ ಚಾಚಿ ಲೋಟ ತಗೊಂಡರು. ಒಂದೊಂದೇ ಗುಟುಕು, ನಿಲ್ಲಿಸಿ ನಿಲ್ಲಿಸಿ, ಕೊನೆಯ ಹನಿಯವರೆಗೂ ಕುಡಿದರು. ಅಷ್ಟು ಹೊತ್ತೂ ಆಕೆ ಲೋಟ ತಗೊಳ್ಳಲು ಪಕ್ಕದಲ್ಲೇ ನಿಂತಿದ್ದರು.